ಇದು ಅದೇ ಬೀದಿಯೆ?

ತರ್ಕಶಾಸ್ತ್ರದ ಗ್ರಂಥಗಳಲ್ಲಿ ದೇವದತ್ತನೆಂಬುವನೊಬ್ಬನು ಅನೇಕ ಶತಮಾನಗಳಿಂದ ಸಂಚರಿಸುತ್ತಲೇ ಇದ್ದಾನೆ. ಅವನನ್ನು ಹಿಂದೊಮ್ಮೆ ಬೇರೊಂದು ಊರಿನಲ್ಲಿ ಕಂಡಿದ್ದವನು ಇಂದು ಇಲ್ಲಿ ಕಂಡು, ತಲೆ ನರೆತಿದ್ದರೂ ಮೈ ಬಡವಾಗಿದ್ದರೂ, ಆ ದೇವದತ್ತನೇ ಈತನೆಂದು ಗುರುತು ಹಿಡಿಯುತ್ತಾನೆ. ಈ ಗುರುತಿಗೆ ಪ್ರತ್ಯಭಿಜ್ಞೆಯೆಂದು ಹೆಸರು. ಮೀಮಾಂಸಕರೂ ನೈಯಾಯಿಕರೂ ಇದನ್ನೇ ಆಧಾರವಾಗಿ ಹಿಡಿದು, ವಸ್ತುಗಳಿಗೆ ಕಾಲವನ್ನು ದಾಟಿ ನಿಲ್ಲುವ ಸ್ಥೈರ್ಯವುಂಟೆಂದು ವಾದಿಸಿದರು. ಬೌದ್ಧರು ಒಪ್ಪಲಿಲ್ಲ. ಸಕಲವೂ ಕ್ಷಣಕ್ಷಣಕ್ಕೆ ನಾಶವಾಗಿ ಕ್ಷಣಕ್ಷಣಕ್ಕೆ ಹೊಸದಾಗಿ ಹುಟ್ಟುತ್ತಿರುವುದೆಂದೂ, ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲನ್ನೂ ಉಗುರನ್ನೂ ನಾವು ಅವೇ ಎನ್ನುವುದು ಸಾದೃಶ್ಯದಿಂದ ಹುಟ್ಟಿದ ಭ್ರಾಂತಿಯೆಂದೂ, ದೇವದತ್ತನ ವಿಷಯದಲ್ಲಿ ಆಗಿರುವುದೂ ಅದೇ ಭ್ರಾಂತಿಯೆಂದೂ ಅವರು ಉತ್ತರವಿತ್ತರು. ವಿವಾದವು ಪಂಡಿತರ ಸಭೆಗಳಲ್ಲಿ ಮುಗಿಯದೆ ಉಳಿಯಿತು. ಮುಗಿಯಲೇಬೇಕೆಂಬ ನಿರ್ಬಂಧವೂ ಇಲ್ಲ. ಆದರೆ ದೇವದತ್ತನ ಸ್ಥಾನದಲ್ಲಿ ಒಂದು ಊರಿನ ಹೆಬ್ಬೀದಿಯನ್ನಿಟ್ಟು ಅದೇ ಪ್ರಶ್ನೆಯನ್ನು ಕೇಳಿ ನೋಡಿದರೆ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಬೀದಿಗೆ ಆತ್ಮವುಂಟೆಂದು ಯಾವ ದರ್ಶನವೂ ಹೇಳಿಲ್ಲ. ಅದರ ಮನೆಗಳು ಬೀಳುತ್ತವೆ, ಅಂಗಡಿಗಳು ಕೈ ಬದಲಾಗುತ್ತವೆ, ನೆಲದ ಹಾಸುಗಲ್ಲಿನ ಮೇಲೆ ಡಾಂಬರೂ ಡಾಂಬರಿನ ಮೇಲೆ ಕಾಂಕ್ರೀಟೂ ಬರುತ್ತವೆ, ನಡೆಯುವ ಜನರಂತೂ ನೂರು ವರ್ಷಕ್ಕೊಮ್ಮೆ ಒಬ್ಬರೂ ಉಳಿಯದಂತೆ ಬದಲಾಗುತ್ತಾರೆ. ಹೀಗಿದ್ದರೂ ಊರಿನವನು ಸಂಕೋಚವಿಲ್ಲದೆ, ನಮ್ಮಜ್ಜ ನಡೆದದ್ದು ಇದೇ ಬೀದಿಯಲ್ಲಿ ಎನ್ನುತ್ತಾನೆ. ಯಾವ ಆಧಾರದಿಂದ?

ಕಲಬುರಗಿಯಲ್ಲಿ ಈ ಪ್ರಶ್ನೆ ಮಿಕ್ಕ ಊರುಗಳಿಗಿಂತ ಹೆಚ್ಚು ಒತ್ತಾಯದಿಂದ ಎದುರಿಗೆ ಬಂದು ನಿಲ್ಲುತ್ತದೆಯೆಂದು ನನಗೆ ತೋರುತ್ತದೆ. ರೈಲು ನಿಲ್ದಾಣದಿಂದ ಹೊರಟು, ಸರದಾರ ಪಟೇಲರ ವೃತ್ತವನ್ನು ದಾಟಿ, ಜಗತ್ ವೃತ್ತದ ಮೂಲಕ ಸೂಪರ್ ಮಾರ್ಕೆಟ್ಟಿಗೂ ಅಲ್ಲಿಂದ ಹಳೆಯ ಬಜಾರದ ಓಣಿಗಳಿಗೂ ಕೋಟೆಯ ಕಂದಕದ ದಡಕ್ಕೂ ಸಾಗುವ ಮುಖ್ಯರಸ್ತೆಯಲ್ಲಿ ಒಬ್ಬನು ಬೆಳಗಿನ ತಂಪಿನಲ್ಲಿ ನಡೆದನೆಂದರೆ, ಅವನು ಕಾಲದಲ್ಲಿ ಹಿಂದುಹಿಂದಕ್ಕೆ ನಡೆದಂತೆಯೇ ಸರಿ. ನಿಲ್ದಾಣದ ಕಡೆಯ ತುದಿಯು ರೈಲಿನ ಕಾಲದ್ದು. 1871ರಲ್ಲಿ ಮುಂಬಯಿಯ ಕಡೆಯ ಕಬ್ಬಿಣದ ಹಾದಿಯು ರಾಯಚೂರಿನಲ್ಲಿ ಮದರಾಸಿನ ಹಾದಿಯನ್ನು ಕೂಡಿಕೊಂಡಾಗ, ಅದುವರೆಗೆ ಕೋಟೆಯ ಕಡೆಗೆ ಮುಖಮಾಡಿಕೊಂಡಿದ್ದ ಊರು ನಿಲ್ದಾಣದ ಕಡೆಗೆ ಮೈ ಚಾಚತೊಡಗಿತು. ನಡುವಿನ ಭಾಗವು ನಿಜಾಮರ ಆಡಳಿತದ್ದು. ಅಲ್ಲಿ ಮಹಬೂಬ್ ಗುಲಶನ್ ಎಂಬ ಉದ್ಯಾನ, ಕಚೇರಿಗಳು, 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಸಂಸ್ಥೆಗಳ ನೆರಳು. ಅದರಾಚೆಗೆ ಕಿರಾಣಾ ಬಜಾರ, ಬಟ್ಟೆಯ ಅಂಗಡಿಗಳು, ತೊಗರಿಯ ಧೂಳು ಹಾರುವ ಗಂಜ್. ಕೊನೆಗೆ ಬಹಮನಿಗಳ ಕಲ್ಲು. ಜಗತ್ ವೃತ್ತದಲ್ಲಿ ಅಂಬೇಡ್ಕರರೂ ಬಸವೇಶ್ವರರೂ ಪ್ರತಿಮಾರೂಪದಿಂದ ನಿಂತಿದ್ದಾರೆ. ಒಬ್ಬರ ಜಯಂತಿಯಂದು ಇನ್ನೊಬ್ಬರ ಸುತ್ತಲಿನ ವಾಹನಸಂಚಾರವೂ ನಿಂತುಹೋಗುತ್ತದೆ. ಈ ಊರಿನ ಹೆಸರು ಒಮ್ಮೆ ಅಹಸನಾಬಾದ್ ಎಂದಾಯಿತು, ಬಹುಕಾಲ ಗುಲ್ಬರ್ಗಾ ಎಂದಿತ್ತು, 2014ರ ನವೆಂಬರ್ 1ರಿಂದ ಸರಕಾರದ ಕಾಗದಗಳಲ್ಲಿಯೂ ಕಲಬುರಗಿಯಾಯಿತು. ಬಜಾರದ ತೊಗರಿಬೇಳೆಯ ದರದ ಮೇಲೆ ಇದಾವುದರ ಪರಿಣಾಮವೂ ಆದಂತಿಲ್ಲ.

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಹನು ದೆಹಲಿಯ ಅಧೀನತೆಯನ್ನು ಕಳಚಿಕೊಂಡು ಇಲ್ಲಿ ರಾಜಧಾನಿಯನ್ನು ಮಾಡಿಕೊಂಡ ತರುವಾಯ, ಸುಮಾರು ಮುಕ್ಕಾಲು ಶತಮಾನ ಪರ್ಯಂತ ದಖ್ಖನಿನ ಐಶ್ವರ್ಯವು ಈ ಕೋಟೆಯ ಬಾಗಿಲಿನೊಳಗೆ ಹರಿದು ಬಂತು. 1367ರಲ್ಲಿ ಕಜ್ವೀನ್ ನಗರದ ರಫಿ ಎಂಬ ಶಿಲ್ಪಿಯು ಕಟ್ಟಿದ ಜಾಮಿಯಾ ಮಸೀದಿಯು ಇಂದಿಗೂ ಕೋಟೆಯ ನಡುವೆ ಇದೆ. ಬೇರೆಡೆಯ ದೊಡ್ಡ ಮಸೀದಿಗಳಲ್ಲಿರುವ ತೆರೆದ ಅಂಗಳ ಅದಕ್ಕಿಲ್ಲ. ಇಡೀ ಕಟ್ಟಡವೇ ಗುಮ್ಮಟಗಳ ಛಾವಣಿಯಿಂದ ಮುಚ್ಚಿದೆ, ತಗ್ಗಾಗಿ ಅಗಲವಾಗಿ ಬಾಗಿದ ಕಮಾನುಗಳು ಒಂದರ ಹಿಂದೊಂದು ತೋರುತ್ತ ಕಣ್ಣಿಗೆ ಕೊನೆಯೆಂಬುದನ್ನೇ ಕೊಡುವುದಿಲ್ಲ. ಅದರ ಸಮೀಪದಲ್ಲಿಯೇ ಆ ಕಾಲದ ಬಜಾರದ ಬೀದಿ. ಎರಡು ಮಗ್ಗುಲಿಗೂ ಕಮಾನಿನ ಕೋಣೆಗಳ ಸಾಲು. ಕುದುರೆಯ ವ್ಯಾಪಾರಿಯೂ ಮುತ್ತಿನ ವ್ಯಾಪಾರಿಯೂ ಕುಳಿತಿರಬಹುದಾದ ಆ ಸಾಲು, ರಾಜಧಾನಿಯು ಬೀದರಿಗೆ ಹೋದ ಮೇಲೆ ಬೀದಿಯೆನಿಸಿಕೊಳ್ಳಲು ಬೇಕಾದದ್ದನ್ನೆಲ್ಲ ಕಳೆದುಕೊಂಡಿತು. ಕಲ್ಲು ಹೋಗಲಿಲ್ಲ, ಗಾರೆ ಹೋಗಲಿಲ್ಲ, ಕಮಾನಿನ ವಕ್ರತೆಯೂ ಹೋಗಲಿಲ್ಲ. ದ್ರವ್ಯದ ದೃಷ್ಟಿಯಿಂದ ನೋಡಿದರೆ ಊರಿನಲ್ಲಿ 'ಅದೇ' ಎಂದು ಹೇಳಿಸಿಕೊಳ್ಳುವ ಹಕ್ಕು ಇರತಕ್ಕದ್ದು ಈ ಬೀದಿಗೆ ಮಾತ್ರ. ಆದರೆ ಇದೇ ನಮ್ಮ ಬೀದಿ ಎಂದು ಕಲಬುರಗಿಯ ಯಾವ ವರ್ತಕನೂ ಹೇಳುವುದಿಲ್ಲ. ತಲೆಮಾರುಗಳಿಂದ ಕೋಟೆಯೊಳಗೆ ವಾಸವಾಗಿರುವ ಕುಟುಂಬಗಳು, ಪುರಾತತ್ತ್ವ ಇಲಾಖೆಯ ನೀಲಿ ಫಲಕಗಳು, ಅಲ್ಲಲ್ಲಿ ಕಟ್ಟಿದ ಆಡುಗಳು. ಅಷ್ಟು ಅಲ್ಲಿಯ ಇಂದಿನ ಪ್ರಪಂಚ.

ಬಹಮನಿ ಸುಲ್ತಾನ ಫಿರೋಜ್ ಷಹನ ಕಾಲದಲ್ಲಿ, 1400ರ ಸುಮಾರಿಗೆ, ಎಂಬತ್ತರ ಹೊಸ್ತಿಲಲ್ಲಿದ್ದ ವೃದ್ಧರೊಬ್ಬರು ಈ ಊರಿಗೆ ಬಂದರು. ದೆಹಲಿಯ ಚಿಷ್ತಿ ಪರಂಪರೆಯ ನಸೀರುದ್ದೀನ್ ಚಿರಾಗರ ಶಿಷ್ಯರಾದ ಸಯ್ಯದ್ ಮುಹಮ್ಮದ್ ಹುಸೇನಿಯವರು, ನಾವು ಖಾಜಾ ಬಂದೇನವಾಜರೆಂದು ಕರೆಯುವ ಆ ಮಹನೀಯರು, ತೈಮೂರನ ದಾಳಿಯಿಂದ ದೆಹಲಿ ಹಾಳಾಗುವ ಹೊತ್ತಿಗೆ ಅದನ್ನು ಬಿಟ್ಟು ದಕ್ಷಿಣದ ದಾರಿ ಹಿಡಿದವರು. ಒಂದು ಮಹಾನಗರದ ಬೀದಿಗಳ ನಾಶವು ಇನ್ನೊಂದು ನಗರದ ಬೀದಿಗೆ ಜೀವವಾದದ್ದು ಹೀಗೆ. ಮೊದಲು ಅವರ ಆಶ್ರಮವು ಕೋಟೆಯ ಬಳಿಯಲ್ಲಿಯೇ ಇತ್ತು. ಇತಿಹಾಸಕಾರ ಫರಿಶ್ತಾ ಬರೆಯುವ ಪ್ರಕಾರ, ಸುಲ್ತಾನನಿಗೂ ಅವರಿಗೂ ಮನಸ್ತಾಪ ಬಂದಾಗ, ಅರಮನೆಯ ಸನಿಹದಲ್ಲಿ ಜನದಟ್ಟಣೆಯ ಗದ್ದಲ ಸಲ್ಲದೆಂಬ ನೆವದಿಂದ ಅವರನ್ನು ಊರಾಚೆಗೆ ಹೋಗಲು ಹೇಳಲಾಯಿತು. ಅವರು ಹೋಗಿ ಇಂದು ಅವರ ದರ್ಗಾ ಇರುವ ಸ್ಥಳದಲ್ಲಿ ನೆಲಸಿದರು. ಆಜ್ಞೆಯನ್ನು ಕೊಟ್ಟವನಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಹೊರಗೆ ಕಳುಹಿಸಿದ ಆ ವೃದ್ಧರ ಬೆನ್ನ ಹಿಂದೆ ಬೀದಿಯೂ ಎದ್ದು ನಡೆಯಿತೆಂಬುದು. ಜನ ಬಂದರು, ಜನರಿಗಾಗಿ ಹೂವಿನವರು ಬಂದರು, ಸಕ್ಕರೆಯ ಬತ್ತಾಸಿನವರು ಬಂದರು, ಸತ್ರಗಳು ಬಂದವು. 1422ರಲ್ಲಿ ಫಿರೋಜನು ಪಟ್ಟವನ್ನು ತಮ್ಮ ಅಹಮದನಿಗೆ ಬಿಟ್ಟುಕೊಟ್ಟು ತೀರಿಕೊಂಡನು. ಅದೇ ವರ್ಷ ನೂರು ದಾಟಿದ ಬಂದೇನವಾಜರೂ ತೀರಿಕೊಂಡರು. ಹತ್ತು ವರ್ಷದೊಳಗಾಗಿ ರಾಜಧಾನಿಯು ಬೀದರಿಗೆ ಹೊರಟುಹೋಯಿತು. ಸುಲ್ತಾನನ ಜೋಡು ಗುಮ್ಮಟದ ಭವ್ಯ ಸಮಾಧಿಯು ಹಫ್ತ್ ಗುಂಬಜದಲ್ಲಿದೆ. ಅಲ್ಲಿಂದ ದರ್ಗಾ ನಡೆದು ಹೋಗುವಷ್ಟು ಸಮೀಪ. ಮೊದಲನೆಯದಕ್ಕೆ ಕಾವಲುಗಾರನಿದ್ದಾನೆ. ಎರಡನೆಯದಕ್ಕೆ ಪಾದರಕ್ಷೆಗಳನ್ನು ಕಾಯುವವರೇ ಒಂದು ಗುಂಪು ಬೇಕು.

ಸೂಫಿಗಳ ಸಾಧನೆಯಲ್ಲಿ ಫನಾ ಎಂದೊಂದು ಸ್ಥಿತಿ, ಬಕಾ ಎಂದೊಂದು ಸ್ಥಿತಿ: ತಾನೆಂಬುದು ಅಳಿದುಹೋಗುವುದು, ಅಳಿದ ಮೇಲೆ ದೈವದಲ್ಲಿ ಉಳಿಯುವುದು. ಅಳಿಯದೆ ಉಳಿಯುವ ಉಪಾಯವನ್ನು ಅವರು ಹೇಳಲಿಲ್ಲ. ಹಾಗೆ ಹೇಳಿದವರು ರಾಜರು. ದರ್ಗಾದ ಉರುಸಿನ ಸಂದಲ ಮೆರವಣಿಗೆಯು ಮಹಬೂಬ್ ಗುಲಶನದಿಂದ ಹೊರಟು ಊರಿನ ಬೀದಿಗಳಲ್ಲಿ ಹಾಯ್ದು ದರ್ಗಾವನ್ನು ಸೇರುವುದನ್ನು ಕಂಡವರಿಗೆ ತಿಳಿದಿರುವಂತೆ, ಆ ಉದ್ಯಾನ ಆರನೆಯ ನಿಜಾಮನ ಹೆಸರಿನದು, ಮೆರವಣಿಗೆ ಹಾಯುವ ರಸ್ತೆ ಮಹಾನಗರ ಪಾಲಿಕೆಯದು, ಗಂಧ ಈ ವರ್ಷ ತೇಯ್ದದ್ದು, ಹೊತ್ತ ಹೆಗಲುಗಳು ಈ ಕಾಲದ ಹುಡುಗರವು. ಆರುನೂರು ವರ್ಷದ ಹಿಂದಿನದೆನ್ನತಕ್ಕ ಒಂದು ಎಳೆಯೂ ಅದರಲ್ಲಿ ಇಲ್ಲ. ಬೌದ್ಧನು ಇಲ್ಲಿ ನಿಂತು, ನಾನು ಹೇಳಿರಲಿಲ್ಲವೆ, ಎಂದು ನಕ್ಕರೆ ಅವನನ್ನು ಆಕ್ಷೇಪಿಸುವುದು ಸುಲಭವಲ್ಲ.

ಆದರೆ ಬೌದ್ಧನ ಕತೆಯೂ ಈ ಜಿಲ್ಲೆಯದೇ. ಭೀಮಾ ನದಿಯ ದಡದ ಸನ್ನತಿಯಲ್ಲಿ ಚಂದ್ರಲಾ ಪರಮೇಶ್ವರಿಯ ಗುಡಿಯ ಆವರಣದೊಳಗಿದ್ದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದುಬಿತ್ತು, ಮೂರ್ತಿ ಭಗ್ನವಾಯಿತು. ಕಲ್ಲುಮಣ್ಣು ತೆಗೆದು ನೋಡಿದಾಗ, ದೇವಿಯು ನಿಂತಿದ್ದ ಪೀಠದ ಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು: ಅಶೋಕನ ಶಾಸನ. ಮೂರ್ತಿಯ ಬುಡವನ್ನು ನಿಲ್ಲಿಸುವುದಕ್ಕಾಗಿ ಯಾವನೋ ಕಲ್ಲುಕುಟಿಗನು ಅಕ್ಷರಗಳ ನಡುವೆಯೇ ಚೌಕಾಕಾರದ ಕುಳಿಯನ್ನು ಕೊರೆದಿದ್ದನು. ಅವನಿಗೆ ಆ ಲಿಪಿ ಬರುತ್ತಿರಲಿಲ್ಲ, ಅವನ ಅಜ್ಜನಿಗೂ ಬರುತ್ತಿರಲಿಲ್ಲ. ಆ ಕಲ್ಲಿನ ಮೇಲಿರುವ ಶಾಸನಗಳಲ್ಲಿ ಒಂದು ಹನ್ನೆರಡನೆಯ ಶಿಲಾಶಾಸನ, ಅಂದರೆ ಪರರ ಮತವನ್ನು ಹಳಿಯದೆ ಗೌರವಿಸತಕ್ಕದ್ದೆಂದು ಚಕ್ರವರ್ತಿಯು ವಿಧಿಸಿದ ಶಾಸನ. ತನ್ನ ಮೇಲೆ ಬಂದು ನಿಂತ ಪರದೇವತೆಯನ್ನು ಆ ಕಲ್ಲು ಎಷ್ಟೋ ಶತಮಾನ ಹೊತ್ತಿತ್ತೆಂಬುದನ್ನು ನೆನೆದಾಗ, ಇಂತಹ ಸನ್ನಿವೇಶವನ್ನು ನಾಟಕಕಾರನು ಕಲ್ಪಿಸಿದ್ದರೆ ಅತಿಯಾಯಿತೆಂದು ನಾವೇ ದೂರುತ್ತಿದ್ದೆವಲ್ಲವೆ ಎನಿಸುತ್ತದೆ. ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನವು ಅಧೋಲೋಕ ಮಹಾಚೈತ್ಯವೆಂಬ ಸ್ತೂಪವನ್ನು ಹೊರಗೆ ತಂದಿತು. ಅದರ ಶಿಲಾಫಲಕವೊಂದರ ಮೇಲೆ ಪರಿವಾರಸಹಿತನಾದ ರಾಜನ ಚಿತ್ರ, ಅದರೊಡನೆ 'ರಾಯ ಅಸೋಕೋ' ಎಂಬ ಬರಹ. ಕೊಟ್ಟವರು ತಂತಮ್ಮ ಹೆಸರುಗಳನ್ನು ಕೆತ್ತಿಸಿದ ಕಲ್ಲುಗಳೂ ಅಲ್ಲಿವೆ. ರಾಜನು ಮಾತ್ರ ಕಟ್ಟಿಸಿದ್ದಲ್ಲ, ಸಾಮಾನ್ಯರೂ ಕೈಯಾರೆ ಕೊಟ್ಟು ಕಟ್ಟಿಸಿದ್ದು. ಆದರೂ ಅದು ನೆಲದಡಿಗೆ ಸೇರಿತು. ದಾನದಿಂದ ಹುಟ್ಟಿದ್ದು ಉಳಿಯುತ್ತದೆ, ದರ್ಪದಿಂದ ಹುಟ್ಟಿದ್ದು ಅಳಿಯುತ್ತದೆ ಎಂಬ ಸುಲಭವಾದ ಸೂತ್ರವನ್ನು ಬಹಮನಿಗಳ ಕತೆಯಿಂದ ಎತ್ತಿಕೊಂಡು ಹೊರಟವನಿಗೆ ಕನಗನಹಳ್ಳಿಯ ಭಗ್ನಫಲಕಗಳು ಅಡ್ಡ ನಿಲ್ಲುತ್ತವೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಈ ನೆಲಕ್ಕೆ ಬೌದ್ಧಧರ್ಮವು ಮರಳಿ ಬಂದದ್ದು ನೆಲದಡಿಯ ಕಲ್ಲುಗಳಿಂದಲ್ಲ. 1956ರ ಅಕ್ಟೋಬರ್ 14ರಂದು ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ಪಡೆದಾಗ ಸನ್ನತಿಯ ಶಾಸನ ಇನ್ನೂ ದೇವಿಯ ಪಾದದ ಕೆಳಗಿತ್ತು, ಸ್ತೂಪವಂತೂ ಹೊಲದ ಅಡಿಯಲ್ಲಿತ್ತು. ಆ ದಾರಿಯನ್ನು ಹಿಡಿದವರು ತಮ್ಮ ಊರಿನ ಪಕ್ಕದಲ್ಲಿ ಹೂತಿರುವ ಪ್ರಾಚೀನ ಸಾಕ್ಷ್ಯಕ್ಕಾಗಿ ಕಾಯಲಿಲ್ಲ. ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಸಮೀಪದಲ್ಲಿ ಕಟ್ಟಿದ ಬುದ್ಧವಿಹಾರವು 2009ರಲ್ಲಿ ಲೋಕಾರ್ಪಣೆಯಾಯಿತು. ಅದರ ಕಟ್ಟಡದ ಗಾತ್ರವನ್ನೂ ಗುಮ್ಮಟವನ್ನೂ ಕುರಿತು ರಸಿಕರು ಭಿನ್ನಾಭಿಪ್ರಾಯ ಹೊಂದಬಹುದು, ನನಗೂ ಒಂದೆರಡು ಮಾತುಗಳುಂಟು, ಆದರೆ ಭಾನುವಾರ ಸಂಜೆ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಬರುವ ಸಂಸಾರಗಳನ್ನು ನೋಡಿದ ಮೇಲೆ ಆ ಮಾತುಗಳನ್ನು ಆಡುವ ಉತ್ಸಾಹ ಕಡಮೆಯಾಗುತ್ತದೆ. ಹಳೆಯ ಸ್ತೂಪಕ್ಕೂ ಹೊಸ ವಿಹಾರಕ್ಕೂ ನಡುವೆ ದ್ರವ್ಯದ ಸಂಬಂಧವಿಲ್ಲ, ಅವಿಚ್ಛಿನ್ನವಾದ ಸಂಪ್ರದಾಯದ ಸಂಬಂಧವೂ ಇಲ್ಲ. ಇದ್ದರೆ ಇರುವುದು, ಒಬ್ಬನು ಎದ್ದುನಿಂತು ಇದನ್ನು ಮತ್ತೆ ನಾನು ನಡೆಸುತ್ತೇನೆ ಎಂದ ಸಂಕಲ್ಪದ ಸಂಬಂಧ.

ನಮ್ಮ ಆಗಮಶಾಸ್ತ್ರವು ಈ ವಿಷಯದಲ್ಲಿ ಪಂಡಿತರ ತರ್ಕಕ್ಕಿಂತ ವ್ಯವಹಾರಕುಶಲವಾದುದೆಂದು ನನ್ನ ಎಣಿಕೆ. ಗುಡಿ ಜೀರ್ಣವಾದಾಗ ಮಾಡತಕ್ಕ ವಿಧಿಯನ್ನು ಅದು ಹೀಗೆ ಹೇಳುತ್ತದೆ: ಮೂರ್ತಿಯಲ್ಲಿರುವ ಕಳೆಯನ್ನು ಮಂತ್ರಪೂರ್ವಕವಾಗಿ ನೀರು ತುಂಬಿದ ಕಲಶಕ್ಕೆ ಆಕರ್ಷಿಸಬೇಕು, ಬಾಲಾಲಯವೆಂಬ ಚಿಕ್ಕ ತಾತ್ಕಾಲಿಕ ಗುಡಿಯಲ್ಲಿ ಅದನ್ನಿಟ್ಟು ಪೂಜೆಯು ಒಂದು ದಿನವೂ ತಪ್ಪದಂತೆ ನಡೆಸಬೇಕು, ಅಷ್ಟರಲ್ಲಿ ಹಳೆಯ ಗೋಡೆಯನ್ನು ಬಿಚ್ಚಿ ಕಟ್ಟಬೇಕು, ತರುವಾಯ ಕುಂಭಾಭಿಷೇಕದಿಂದ ಕಳೆಯನ್ನು ಮರಳಿ ಸ್ಥಾಪಿಸಬೇಕು. ಭಗ್ನವಾಗಿ ಪೂಜೆಗೆ ಒದಗದ ವಿಗ್ರಹವನ್ನು ಆಳವಾದ ನೀರಿಗೆ ಬಿಡಬೇಕು. ಇಷ್ಟರಲ್ಲಿ ಕಲ್ಲಿನ ಬಗ್ಗೆ ಮೋಹವೆಂಬುದು ಎಲ್ಲಿಯೂ ಇಲ್ಲ. ದೈವವು ಕೆಲವು ಕಾಲ ಒಂದು ತಂಬಿಗೆಯ ನೀರಿನಲ್ಲಿ ಇರಲಾರದೆಂಬ ಅನುಮಾನವೂ ಶಾಸ್ತ್ರಕಾರನಿಗೆ ಬಂದಿಲ್ಲ. ಅವನು ಕಣ್ಣಿಟ್ಟಿರುವುದು ಒಂದರ ಮೇಲೆ ಮಾತ್ರ: ನಡುವೆ ಪೂಜೆ ನಿಲ್ಲಕೂಡದು. ಮುಸಲ್ಮಾನರ ವಕ್ಫಿನ ಧರ್ಮಶಾಸ್ತ್ರದಲ್ಲಿಯೂ ಇದಕ್ಕೆ ಸಮೀಪದ ಒಂದು ವಿವೇಕವಿದೆ; ಆಸ್ತಿಯ ಮೂಲವನ್ನು ಮಾರುವಂತಿಲ್ಲ, ಕೊಡುವಂತಿಲ್ಲ, ಆದರೆ ಅದರ ಉತ್ಪನ್ನವು ನಿಯಮಿತ ಪುಣ್ಯಕಾರ್ಯಕ್ಕೆ ಹರಿಯುತ್ತಲೇ ಇರಬೇಕು. ಹರಿಯದೆ ಹೋದರೆ ಮೂಲವನ್ನು ಕಾದಿಟ್ಟದ್ದಕ್ಕೆ ಅರ್ಥವಿಲ್ಲ.

ಈ ಹರಿವನ್ನು ಕಲಬುರಗಿಯು ಹತ್ತಿರದಿಂದ ಕಂಡದ್ದು ಶರಣಬಸವೇಶ್ವರರಲ್ಲಿ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಈ ಒಕ್ಕಲುತನದ ಶರಣರು ಹೊಲವನ್ನು ಉತ್ತು, ಬೆಳೆದದ್ದನ್ನು ಬಂದವರಿಗೆಲ್ಲ ಉಣಬಡಿಸಿದರು. ಕೊನೆಗೆ ದೊಡ್ಡಪ್ಪನವರೆಂಬ ಭಕ್ತರ ಆಮಂತ್ರಣದಿಂದ ಕಲಬುರಗಿಗೆ ಬಂದು ಇಲ್ಲಿಯೂ ಅದನ್ನೇ ನಡೆಸಿದರು. ಅವರು ಲಿಂಗೈಕ್ಯರಾದದ್ದು 1822ರಲ್ಲಿ, ಬಂದೇನವಾಜರು ತೀರಿಕೊಂಡ ಸರಿಯಾಗಿ ನಾನೂರು ವರ್ಷಕ್ಕೆ. ಇದರಲ್ಲಿ ಗೂಢಾರ್ಥವನ್ನು ಹುಡುಕುವ ಕೆಲಸವನ್ನು ಸಂಖ್ಯಾಶಾಸ್ತ್ರಜ್ಞರಿಗೆ ಬಿಡುತ್ತೇನೆ. ಅವರು ನಡೆಸಿದ ದಾಸೋಹವೂ ದಾನವೂ ಒಂದೇ ಅಲ್ಲ. ದಾನವು ಕೊಟ್ಟ ದಿನಕ್ಕೆ ಮುಗಿಯುತ್ತದೆ. ಅದರ ನೆನಪಿಗಾಗಿ ಕಲ್ಲಿನ ಮೇಲೆ ಹೆಸರು ಬರೆಯಿಸಬಹುದು, ಕನಗನಹಳ್ಳಿಯ ದಾನಿಗಳು ಬರೆಯಿಸಿದಂತೆ. ದಾಸೋಹಕ್ಕೆ ಮುಗಿಯುವ ದಿನವೇ ಇಲ್ಲ, ನಾಳೆ ಮತ್ತೆ ಒಲೆ ಹಚ್ಚಬೇಕು. ಊರಿನವರು ಇಂದಿಗೂ ಅಪ್ಪನ ಗುಡಿಯೆಂದೇ ಕರೆಯುವ ಆ ಸ್ಥಳದಲ್ಲಿ ಒಲೆಯನ್ನು ಯಾರಾದರೂ ಹಚ್ಚುತ್ತಲೇ ಬಂದರು; ಒಲೆಯ ಜೊತೆಗೆ ಪಾಟಿ ಪುಸ್ತಕವೂ ಸೇರಿತು, 1934ರಲ್ಲಿ ಅದೇ ಹೆಸರಿನ ಮುಂದಿನ ಕಾಲದ ಪೀಠಾಧಿಪತಿ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಹೋಳಿಯ ಐದನೆಯ ದಿನದ ರಥೋತ್ಸವದಲ್ಲಿ, ಸಾವಿರಾರು ಜನರು ಉಸಿರು ಬಿಗಿಹಿಡಿದು ನಿಂತಿರುವಾಗ, ಪೀಠಾಧಿಪತಿಗಳು ಪರುಷಬಟ್ಟಲನ್ನು ಎತ್ತಿ ತೋರಿಸುತ್ತಾರೆ; ಅದು ಕಂಡ ಕ್ಷಣವೇ ಜಯಘೋಷ, ಮಿಣಿಗೆ ಕೈಗಳು, ತೇರಿನ ಮೇಲೆ ಬಾಳೆಹಣ್ಣೂ ಖಾರೀಕೂ ಮಳೆಯಂತೆ. ಎಂಟನೆಯ ಪೀಠಾಧಿಪತಿಗಳಾದ ಶರಣಬಸವಪ್ಪ ಅಪ್ಪನವರು 2025ರ ಆಗಸ್ಟಿನಲ್ಲಿ ಲಿಂಗೈಕ್ಯರಾದರು. ಪೀಠಕ್ಕೆ ಅವರ ಬಾಲಕಪುತ್ರ ಬಂದರು. ಬಟ್ಟಲನ್ನು ಎತ್ತುವ ಕೈ ಬೇರೆ, ಬಲು ಚಿಕ್ಕದು. ಜನಕ್ಕೆ ಅದು ಅದೇ ಬಟ್ಟಲು, ಅದೇ ಜಾತ್ರೆ. ಇದು ಭ್ರಾಂತಿಯೆ?

ಇಲ್ಲಿ ಆಕ್ಷೇಪವನ್ನೂ ಕೇಳಬೇಕು. ದರ್ಗಾಕ್ಕೆ ಬಹಮನಿ ಅರಸರಿಂದ ಜಾಗೀರುಗಳು ದೊರೆತಿದ್ದವು. ಗೋರಿಯನ್ನು ಕಟ್ಟಿಸಿದವನು ಅಹಮದ್ ಷಹನೇ. ಮಠಗಳಿಗೆ ಹೊಲಗಳಿವೆ, ಶಿಕ್ಷಣಸಂಸ್ಥೆಗಳಿವೆ, ಶುಲ್ಕಗಳಿವೆ. ಅಧಿಕಾರದ ನೆರಳಿಲ್ಲದೆ ಬೆಳೆದ ಪುಣ್ಯಕ್ಷೇತ್ರವನ್ನು ತೋರಿಸೆಂದು ಯಾರಾದರೂ ಕೇಳಿದರೆ ನನಗೆ ತೋರಿಸಲು ಬಾರದು. ದರ್ಗಾ, ಅಪ್ಪನ ಗುಡಿ ಇವೆರಡು ಕ್ಷೇತ್ರಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಭಾವೈಕ್ಯದ ಭಾಷಣ ಮಾಡುವವರನ್ನು ಈ ಊರು ಸಾಕಷ್ಟು ಕೇಳಿದೆ. ಭಾಷಣ ಮುಗಿದ ಸಂಜೆಯೇ ಮೆರವಣಿಗೆಯ ಮಾರ್ಗಕ್ಕಾಗಿ ಪೊಲೀಸರ ಅನುಮತಿಯ ಜಗಳ ಆರಂಭವಾದದ್ದನ್ನೂ ಕಂಡಿದೆ. ನಾನು ಹೇಳಹೊರಟಿರುವುದು ಅಷ್ಟು ಮಧುರವಾದುದಲ್ಲ. ಅಧಿಕಾರವು ನೆಟ್ಟದ್ದರಲ್ಲಿ ಕೆಲವು ಉಳಿದವು, ಕೆಲವು ಒಣಗಿದವು. ಉಳಿದವುಗಳಲ್ಲಿ ಯಾರೋ ಪ್ರತಿದಿನದ ಒಂದು ಕೆಲಸವನ್ನು ತಮ್ಮ ಋಣವೆಂದು ಹೊತ್ತಿದ್ದರು. ಒಣಗಿದ್ದಕ್ಕೊಂದು ಉದಾಹರಣೆ: ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಹಬೂಬ್ ಷಾಹಿ ಗಿರಣಿ ಹುಟ್ಟಿತು. ಅದರ ಭೋಂಗಾ ಕೂಗಿದಾಗ ಅರ್ಧ ಊರು ಎದ್ದು ಬುತ್ತಿ ಕಟ್ಟುತ್ತಿತ್ತು. ಅದು ಲಾಭಕ್ಕಾಗಿ ನಡೆದಿತ್ತು. ಲಾಭ ನಿಂತಾಗ ನಿಂತಿತು, ಅದರಲ್ಲಿ ತಪ್ಪೂ ಇಲ್ಲ. ಈಗ ಎಂ.ಎಸ್.ಕೆ. ಮಿಲ್ ಎಂಬ ಅದರ ಹೆಸರು ಆಟೋದವನಿಗೆ ಹೇಳುವ ವಿಳಾಸ ಮಾತ್ರ.

ಕಲಬುರಗಿಯ ಹೆಬ್ಬೀದಿಯು ಊರಿನೊಳಗೆ ಮುಗಿಯುವುದಿಲ್ಲ. ಹುಮನಾಬಾದ ಬೇಸ್ ಎಂಬ ಸ್ಥಳವನ್ನು ದಾಟಿ ಈಶಾನ್ಯಕ್ಕೆ ಹೊರಟರೆ ಅದೇ ಹಾದಿ ಕಮಲಾಪುರಕ್ಕೂ ಹುಮನಾಬಾದಿಗೂ ಅಲ್ಲಿಂದ ಬೀದರಿಗೂ ಹೋಗುತ್ತದೆ. ರಾಜಧಾನಿ ಗಂಟುಮೂಟೆ ಕಟ್ಟಿಕೊಂಡು ಹೋದ ದಿಕ್ಕು ಇದೇ. ದಾರಿಯ ಬಳಿಯ ಹೊಳಕುಂದಾದಲ್ಲಿ ಆ ಕಾಲದ ಗೋರಿಗಳ ಗುಮ್ಮಟಗಳು ಹೊಲಗಳ ನಡುವೆ ಕಾಣುತ್ತವೆ. 2017ರಲ್ಲಿ ಬೀದರಿನ ರೈಲೂ ಈ ದಿಕ್ಕಿನಲ್ಲಿಯೇ ಓಡತೊಡಗಿತು, ಮರಗುತ್ತಿಯ ಗುಡ್ಡದಲ್ಲಿ ಸುರಂಗ ಕೊರೆದು. ಕಮಲಾಪುರವು ಈಗ ತಾಲ್ಲೂಕಿನ ಕೇಂದ್ರ. ಅದಕ್ಕಿಂತ ಮೊದಲಿನಿಂದಲೂ ಕೆಂಪುಬಾಳೆಯ ಊರು. ಕಮಲಾಪುರ, ರಾಜನಾಳ, ನಾವನಿಹಾಳಗಳ ತಗ್ಗುನೆಲದಲ್ಲಿ ಮಾತ್ರ ಚೆನ್ನಾಗಿ ಬರುವ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಹಣ್ಣಿನ ಸಿಪ್ಪೆ ಕೆಂಪು, ತಿರುಳು ಕೆನೆಬಣ್ಣ. ಮಿಕ್ಕ ಬಾಳೆಗಳಿಗಿಂತ ಹೆಚ್ಚು ಕಾಲ, ಸುಮಾರು ಒಂದೂವರೆ ವರ್ಷ, ನೀರು ಗೊಬ್ಬರ ಆಳು ಎಲ್ಲವನ್ನೂ ಧಾರಾಳವಾಗಿ ಬೇಡುತ್ತದೆ. ಬೆಲೆ ಹೆಚ್ಚು, ಶ್ರೀಮಂತರ ಹಣ್ಣೆಂದು ಹೆಸರಾಗಿದೆ. ಖರ್ಚು ತಾಳದೆ ಬೆಳೆಯುವವರು ಕಡಮೆಯಾಗುತ್ತ ಬಂದಿದ್ದಾರೆ.

ಹೆದ್ದಾರಿಯ ಅಂಚಿನಲ್ಲಿ ಗೋಣಿತಟ್ಟಿನ ಮೇಲೆ ಗೊನೆಯಿಟ್ಟುಕೊಂಡು ಕುಳಿತಿದ್ದ ಮುದುಕಿಯನ್ನು, ಆಯಿ, ಇದು ನಿಮ್ಮ ಹಿರೇರ ಕಾಲದ ಬಾಳೇನೇ ಏನು, ಎಂದು ಕೇಳಿದೆ. ತತ್ತ್ವಶಾಸ್ತ್ರವನ್ನು ಪರೀಕ್ಷಿಸುವ ಉದ್ದೇಶ ನನಗಿರಲಿಲ್ಲ, ಮಾತಿಗೆ ಮಾತು. ಆಕೆ ತೊಟ್ಟಿನ ಬಳಿ ಕುಡುಗೋಲು ಹಚ್ಚುತ್ತ ತಲೆಯೆತ್ತದೆಯೇ ಹೇಳಿದಳು: "ಅದೇ ಬಾಳಿ ಅದರಿ ಯಪ್ಪಾ. ಗಿಡ ಅಷ್ಟ ಬ್ಯಾರೆ. ಕಂದ ತೆಗದು ಹಚ್ಚಲಿಲ್ಲಂದ್ರ ಎಲ್ಲಿಂದ್ ಬರ್ತದ?" ಬಾಳೆ ಒಂದು ಸಲ ಗೊನೆ ಬಿಟ್ಟು ಸಾಯುತ್ತದೆ. ಬೀಜದಿಂದ ಅದನ್ನು ಬೆಳೆಸುವವರಿಲ್ಲ; ಬುಡದ ಕಂದನ್ನು ಕಿತ್ತು ಇನ್ನೊಂದು ಗುಣಿಯಲ್ಲಿ ಇಡುವ ಕೈಯಿಂದಲೇ ಅದರ ಮುಂದಿನ ಜನ್ಮ. ಒಂದು ಹಂಗಾಮಿನಲ್ಲಿ ಕಮಲಾಪುರದವರೆಲ್ಲ ಕಂದು ಹಚ್ಚುವುದನ್ನು ಬಿಟ್ಟರೆ, ಸರಕಾರದ ಮಾನ್ಯತೆಯ ಪತ್ರ ಕಚೇರಿಯ ಗೋಡೆಯ ಮೇಲೆ ಭದ್ರವಾಗಿ ಉಳಿಯುತ್ತದೆ, ಬಾಳೆ ಉಳಿಯುವುದಿಲ್ಲ. ನೈಯಾಯಿಕನು ಅದೇ ಎನ್ನುತ್ತಾನೆ, ಬೌದ್ಧನು ಅದಲ್ಲ ಎನ್ನುತ್ತಾನೆ. ಇಬ್ಬರೂ ವಸ್ತುವನ್ನು ನೋಡುತ್ತ ನಿಂತ ಪ್ರೇಕ್ಷಕರು. ಮುದುಕಿಯ ಮಾತಿನಲ್ಲಿ ಅದೇತನವೆಂಬುದು ಕಂಡುಹಿಡಿಯತಕ್ಕ ಗುಣವಲ್ಲ, ಮಾಡತಕ್ಕ ಕೆಲಸ. ಮಾಡುವವರಿರುವ ತನಕ ಅದು ಸತ್ಯ, ಮಾಡುವವರು ಇಲ್ಲದಾದ ದಿನ ಸುಳ್ಳು. ಬೀದಿಯ ವಿಷಯದಲ್ಲಿ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನು ಗ್ರಂಥಗಳಲ್ಲಿ ಕಂಡಿಲ್ಲ.

ಆದುದರಿಂದ ಹಳೆಯ ಬೀದಿಯನ್ನು ಹೇಗೆ ನವೀಕರಿಸಬೇಕೆಂಬ ಪ್ರಶ್ನೆಯು ಇಂಜಿನಿಯರರ ಪ್ರಶ್ನೆಯಾಗುವುದಕ್ಕೆ ಮೊದಲು ಧರ್ಮದ ಪ್ರಶ್ನೆ. ರಸ್ತೆ ಅಗಲವಾಗುವಾಗ ಅಂಗಡಿಯ ಮುಂಭಾಗ ಹೋಗುತ್ತದೆ, ಬೇವಿನ ಮರ ಹೋಗುತ್ತದೆ, ಒಮ್ಮೊಮ್ಮೆ ಹನುಮಂತನ ಕಟ್ಟೆಯೋ ಹಸಿರು ಬಣ್ಣದ ಚಿಕ್ಕ ಗೋರಿಯೋ ಗೆರೆಯೊಳಗೆ ಸಿಕ್ಕಿಕೊಳ್ಳುತ್ತದೆ. ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಅನಧಿಕೃತ ಪ್ರಾರ್ಥನಾಸ್ಥಳಗಳು ಏಳಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಆಜ್ಞಾಪಿಸಿದ ಮೇಲೆಯೂ, ಇದ್ದವುಗಳನ್ನು ಏನು ಮಾಡಬೇಕೆಂಬ ಸಂಕಟ ಪ್ರತಿಯೊಂದು ಊರಿನದಾಗಿ ಉಳಿಯಿತು. ಇಂತಹ ಪ್ರಸಂಗಗಳಲ್ಲಿ ದೇವರು ಸ್ಥಳವನ್ನು ಬಿಟ್ಟು ಕದಲಲಾರನೆಂದು ಕೂಗುವವರು ತಮ್ಮ ಆಗಮವನ್ನೇ ಓದಿಲ್ಲ. ಕಲಶದ ನೀರಿನಲ್ಲಿ ಇರಬಲ್ಲವನು ಹತ್ತು ಮಾರು ಹಿಂದಕ್ಕೆ ಸರಿಯಬಲ್ಲನು. ಅರಮನೆಯ ಸನಿಹದಿಂದ ಏಳಿಸಿದರೆಂದು ಬಂದೇನವಾಜರ ಮಹಿಮೆ ಕುಗ್ಗಲಿಲ್ಲ. ಆದರೆ ಗುಡಿಯನ್ನು ಸರಿಸಿ ಬಾಲಾಲಯವನ್ನು ಮರೆಯುವ ಅಧಿಕಾರಿಯೂ, ಪೂಜೆಗೆ ಒಂದು ದಿನದ ವ್ಯವಸ್ಥೆಯನ್ನೂ ಮಾಡದೆ ಬುಲ್ಡೋಜರನ್ನು ಕಳುಹಿಸುವ ಯೋಜಕನೂ ಅಷ್ಟೇ ಅಜ್ಞರು. ಅವರು ಕಲ್ಲನ್ನು ಕೆಡವಿದ್ದು ತಪ್ಪಲ್ಲ, ಪ್ರತಿದಿನದ ಒಂದು ಕೆಲಸವನ್ನು ಮುರಿದದ್ದು ತಪ್ಪು. ಹೂವಿನವಳ ಬುಟ್ಟಿಯನ್ನು ಎಬ್ಬಿಸುವಾಗಲೂ, ಗಂಜಿನ ಹಮಾಲರು ಚಹಾ ಕುಡಿಯುವ ಕಟ್ಟೆಯನ್ನು ಒಡೆಯುವಾಗಲೂ ಇದೇ ನ್ಯಾಯ.

ಕಲಬುರಗಿಯ ಬೇಸಗೆಯನ್ನು ಬಲ್ಲವರಿಗೆ ಅರವಟಿಗೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳಲ್ಲಿ ಪಾದರಸ 44 ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಈ ಮುಖ್ಯರಸ್ತೆಯ ಬದಿಯಲ್ಲಿ ಯಾರೋ ಬಿದಿರುತಟ್ಟಿಯ ನೆರಳು ಕಟ್ಟಿ, ಮರಳಿನ ಮೇಲೆ ಗಡಿಗೆಗಳನ್ನು ಕೂರಿಸಿ, ಅವುಗಳಿಗೆ ಒದ್ದೆ ಗೋಣಿ ಸುತ್ತಿ ಇಡುತ್ತಾರೆ. ಸ್ಟೀಲಿನ ಲೋಟಕ್ಕೆ ಸರಪಳಿ ಹಾಕಿರುತ್ತಾರೆ. ಪರೋಪಕಾರವೂ ಪರರ ಮೇಲಿನ ಸಂಶಯವೂ ಒಂದೇ ಗೂಟಕ್ಕೆ ಕಟ್ಟಲ್ಪಟ್ಟಿರುವುದನ್ನು ಕಂಡು ನಾನು ಪ್ರತಿ ವರ್ಷವೂ ನಗುತ್ತೇನೆ, ಕುಡಿದೂ ಹೋಗುತ್ತೇನೆ. ಬೆಳಗಿನ ಜಾವ ಗಡಿಗೆ ತುಂಬುವವನು ಯಾವ ಜಾತಿಯವನೋ ಯಾವ ಮತದವನೋ ಕುಡಿಯುವವನಿಗೆ ತಿಳಿಯದು. ಸಂಜೆಗೆ ಗಡಿಗೆ ಬರಿದಾಗಿರುತ್ತದೆ, ನಾಳೆ ಮತ್ತೆ ತುಂಬಬೇಕು. ರಸ್ತೆಯನ್ನು ಅಗಲಿಸುವವರು ಅಗಲಿಸಲಿ, ದೀಪಗಳನ್ನೂ ಹೂಕುಂಡಗಳನ್ನೂ ನಿಲ್ಲಿಸಲಿ, ವಿಭಜಕಕ್ಕೆ ಬಣ್ಣ ಬಳಿಯಲಿ. ನಕ್ಷೆಯ ಕಾಗದವನ್ನು ಬಿಡಿಸಿ ಗೆರೆ ಎಳೆಯುವ ಮುನ್ನ, ನಿಲ್ದಾಣದಿಂದ ಕೋಟೆಯವರೆಗೆ ಮೇ ತಿಂಗಳ ಮಧ್ಯಾಹ್ನ ಒಮ್ಮೆ ನಡೆದುಕೊಂಡು ಹೋಗಿ, ಗಡಿಗೆಗಳು ಎಲ್ಲೆಲ್ಲಿ ಕುಳಿತಿವೆಯೆಂದು ನೋಡಿಕೊಂಡು, ಆ ಸ್ಥಳಗಳಲ್ಲಿ ನಾಲ್ಕು ಮೊಳ ನೆಲವನ್ನೂ ಒಂದು ಮರದ ನೆರಳನ್ನೂ ಬಿಟ್ಟು ಗೆರೆ ಎಳೆಯಬೇಕೆಂದು ಮಹಾನಗರ ಪಾಲಿಕೆಯವರನ್ನು ಕೇಳಿಕೊಳ್ಳುತ್ತೇನೆ.